ಕುಮಟೆಯ ಬೀಗರ ಮನೆ

ಸಂಶಿ
9 ಫೆಬ್ರುವರಿ 2025

ಶಾಂಭವ್ವಾ,

ಆಶೀರ್ವಾದ ಕೊನೆಗೆ ಮಾಡುತ್ತೇನೆ, ಮೊದಲು ಬೈಗುಳ. ನಿನ್ನೆ ಫೋನಿನಲ್ಲಿ ಅಷ್ಟು ಹೊತ್ತು ಒದರಿದೆಯಲ್ಲ, ನನ್ನ ಕಿವಿಗೆ ಬಿದ್ದದ್ದು ಎರಡೇ ಮಾತು: ಹಂಚು, ಹೆಗ್ಗಣ. ಉಳಿದದ್ದೆಲ್ಲ ಗುಂಯ್ ಅಂದಿತು. ಸುಭಾಸ ಹುಬ್ಬಳ್ಳಿಯಿಂದ ಕಿವಿಯ ಯಂತ್ರ ತಂದುಕೊಟ್ಟಿದ್ದಾನೆ. ಮಗ ತಂದದ್ದೆಂದು ಹಾಕಿಕೊಂಡರೆ, ಬಾಜೂ ಮನೆಯ ಜರೀನಾಬಿಯ ಹುಂಜ ನನ್ನ ತಲೆಯೊಳಗೇ ಕೂತು ಕೂಗುತ್ತದೆ. ತೆಗೆದು ಸಾಸಿವೆ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ.

ಅದಕ್ಕೇ ಹೇಳುತ್ತೇನೆ, ಇನ್ನು ಮುಂದೆ ಕಾಗದ ಬರಿ. ವಾಟ್ಸಾಪು ಬೇಡ. ಆ ಫೋನು ಯಾವಾಗಲೂ ಸುಭಾಸನ ಮಕ್ಕಳ ಕೈಯಲ್ಲೇ ಇರುತ್ತದೆ. ನೀನು ನನಗೆ ಬರೆದದ್ದು ನನಗಿಂತ ಮುಂಚೆ ಓಣಿಗೆಲ್ಲ ಗೊತ್ತಾಗುತ್ತದೆ. ಏಳನೇ ಇಯತ್ತೆಯವರೆಗೆ ಓದಿದವಳು ನಾನು, ನಿನ್ನ ಕೋಳಿಕಾಲಿನ ಅಕ್ಷರವನ್ನೂ ಓದಬಲ್ಲೆ.

ಅಲ್ಲವೇ ಹುಚ್ಚ ಖೋಡಿ, ಹುಬ್ಬಳ್ಳಿಯಲ್ಲಿ ಮನೆ ನಕಾಶೆ ಬರೆಯುವ ಚಲೋ ನೌಕರಿ ಬಿಟ್ಟು ಆ ಕುಮಟೆಯ ಮುರುಕು ಮನೆಯಲ್ಲಿ ಹೋಗಿ ಕೂತಿದ್ದೀಯಲ್ಲ, ಹೇಮಂತನಾದರೂ ಏನೂ ಅನ್ನಲಿಲ್ಲವೇ? ನಿನ್ನ ಗಂಡ ಒಳ್ಳೆಯವನು, ಅದು ನಿನ್ನ ಪುಣ್ಯ. ಆ ಮನೆ ನಮ್ಮ ಅಣ್ಣನ, ಅಂದರೆ ನಿನ್ನ ಅಪ್ಪನ, ಪಾಲಿಗೆ ಬಂದದ್ದು, ಅಣ್ಣ ಹೋದ ಮೇಲೆ ನಿನ್ನದು. ಉಪ್ಪು, ಕೊಬ್ಬರಿ ಇಡುವ ಗೋದಾಮಾಗಿ ಎಷ್ಟು ವರ್ಷ ಬಿದ್ದಿತ್ತೋ. ಅದನ್ನು ನೀನು ಎತ್ತಿ ನಿಲ್ಲಿಸುತ್ತೀ ಎಂದರೆ ನನಗೆ ಒಳಗೊಳಗೇ ಖುಷಿ. ಆದರೆ ಬೈಯುವುದನ್ನು ಬಿಡಲಾರೆ.

ನಮ್ಮ ಮುತ್ತಜ್ಜನ ಕಥೆ ನಿನಗೆ ಗೊತ್ತಲ್ಲ. ರೈಲು ಬರುವ ಮುಂಚೆ ಈ ಕಡೆಯ ಹತ್ತಿಯೆಲ್ಲ ಚಕ್ಕಡಿಯ ಮೇಲೆ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಹತ್ತಿಯಲ್ಲಿ ಗಳಿಸಿದ್ದರಲ್ಲಿ ಸಮುದ್ರದ ದಂಡೆಗೆ ಮನೆ ಕಟ್ಟಿಸಿದ. ಕಟ್ಟಿಸಿದವನು ಊರಿನ ರೂಢಿಯಂತೆ ಅಂಗಳದಲ್ಲಿ ಜೋಳ ತುಂಬಿಡಲು ಹಗೇವು ತೋಡಿಸಿದ. ಕರಿ ನೆಲದವನಿಗೆ ಸಮುದ್ರದ ಬಾಜೂ ನೆಲ ಹೇಗಿರುತ್ತದೆಂದು ಏನು ಗೊತ್ತು? ಆಳುದ್ದ ತೋಡುವುದರೊಳಗೆ ಬುಳುಬುಳು ನೀರು ಬಂತಂತೆ. "ಇದೇನ್ಲೇ, ನಮ್ಮ ಹಗೇವು ಅಳಾಕತ್ತೈತಿ" ಅಂದನಂತೆ. ಸಿಹಿ ನೀರು! ಆ ಹಗೇವೇ ಆಮೇಲೆ ಓಣಿಗೆಲ್ಲ ಬಾವಿಯಾಯಿತು. ಅದು ಈಗಲೂ ಇದೆಯೋ, ಮುಚ್ಚಿದ್ದಾರೋ ಬರಿ.

ನಿನ್ನ ಮಾಮಾ ಆರಾಮ ಇದ್ದಾರೆ. ಚಹಾ ಹೆಚ್ಚು ಕುಡಿಯುತ್ತಾರೆ.

ನಿನ್ನ ಅತ್ತಿ,
ಗೌರಕ್ಕ


ಕುಮಟಾ
2 ಮಾರ್ಚ್ 2025

ಪ್ರೀತಿಯ ಅತ್ತಿಗೆ ಶಾಂಭವಿಯ ಶರಣು,

ಬೈಗುಳ ತಲುಪಿತು, ಆಶೀರ್ವಾದ ಬರೆಯುವುದನ್ನು ಮರೆತಿದ್ದೀ.

ಹಗೇವು ಇದೆ! ಕಸ, ತೆಂಗಿನ ಚಿಪ್ಪು, ಒಂದು ಹಳೆಯ ಸೈಕಲ್ಲು ಎಲ್ಲ ತೆಗೆಸಿದ ಮೇಲೆ ನೀರು ಕಂಡಿತು. ಅಡಿಗೆಗೆ ಸಹಾಯಕ್ಕೆಂದು ಮಾದೇವಿ ಎಂಬವರು ಬರುತ್ತಾರೆ, ಇಲ್ಲಿಯವರೇ. ಅವರ ಅಜ್ಜಿ ಇದೇ ಬಾವಿಯ ನೀರು ಹೊತ್ತವರಂತೆ. ಅವರಿಗೆ ಹಗೇವು ಎಂದರೆ ಏನೆಂದು ತಿಳಿಸಲು ನನಗೆ ಒಂದು ಮುಂಜಾನೆ ಹಿಡಿಯಿತು. "ಕಾಳನ್ನ ನೆಲದಡಿಗೆ ಹುಗಿದಿಡ್ತ್ರಾ? ಎಂತಾ ಜನವಪ್ಪಾ" ಎಂದು ನಕ್ಕರು.

ಮನೆ ಈಗ ಹೇಗಿದೆ ಎಂದರೆ, ಗೋಡೆಯ ಸಿಮೆಂಟನ್ನೆಲ್ಲ ಕೆತ್ತಿಸಿದೆ. ಒಳಗಿನಿಂದ ಕೆಂಪು ಚಿರೆಕಲ್ಲು ಬಂತು. ಅದಕ್ಕೆ ಸುಣ್ಣದ ಗಾರೆ ಬಳಿಸಿದ್ದೇನೆ. ಅಟ್ಟದ ತೊಲೆಗಳ ಸಂದಿನಲ್ಲಿ ಕರಿಮಸಿ ಹಿಡಿದ ಹತ್ತಿ ಸಿಕ್ಕಿತು, ಅತ್ತಿ! ಯಾವ ಕಾಲದ್ದೋ. ಕಸಬರಿಗೆಯಲ್ಲಿ ಗುಡಿಸುವವರನ್ನು ತಡೆದು ಒಂದಿಷ್ಟು ಎತ್ತಿಟ್ಟುಕೊಂಡೆ. ಮೇಲಿನ ಪಡಸಾಲೆಯ ಕಿಟಕಿ ತೆಗೆದರೆ ಸಮುದ್ರ. ರಾತ್ರಿಯೆಲ್ಲ ಸದ್ದು. ಹೇಮಂತ ಶನಿವಾರ ಬಂದವನು "ಇದನ್ನ ಯಾರರ ಬಂದ್ ಮಾಡ್ರಿ" ಎಂದ.

ಕೆಲಸ ಇನ್ನೇನು ಮುಗಿಯಿತು. ಬಸವ ಜಯಂತಿಗೆ ಮನೆ ತೆರೆಯುವುದು. ಸೂಟಿ ಕಳೆಯಲು ಬರುವ ಮಂದಿ ಇರಲು ನಾಲ್ಕು ಕೋಣೆ. ಕೋಣೆಗೆ ಬಾಡಿಗೆ, ಊಟಕ್ಕೆ ಬೇರೆ ರೇಟು. ಮೀನು ಉಂಡು ಬೇಸತ್ತವರಿಗೆ ನಮ್ಮ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ! ಈ ಮನೆಗೆ ಒಂದು ಹೆಸರು ಬೇಕು, ನೀನೇ ಹೇಳು.

ಅತ್ತಿ, ಅವತ್ತು ನೀನೇ ಬಂದು ಒಲೆಯ ಮೇಲೆ ಹಾಲು ಉಕ್ಕಿಸಬೇಕು. ನನ್ನನ್ನು ಎತ್ತಿ ಆಡಿಸಿದ ಕೈ ನಿನ್ನದು. ನೀನು ಹೊಸ್ತಿಲು ದಾಟದೆ ಇದು ನನ್ನ ಪಾಲಿಗೆ ಗೋದಾಮೇ. ಹುಬ್ಬಳ್ಳಿಯಿಂದ ಸೀದಾ ಬಸ್ಸಿದೆ. ಮಾಮಾನನ್ನೂ ಕರೆದುಕೊಂಡು ಬಾ. ಬಂದೇ ಬರುತ್ತೀಯಲ್ಲ?

ನಿನ್ನ
ಶಾಂಭವಿ


ಸಂಶಿ
18 ಮಾರ್ಚ್ 2025

ಶಾಂಭವ್ವಾ,

ರೊಟ್ಟಿಗೆ ರೇಟು!

ಆ ಸಾಲು ಓದಿದ ಕೂಡಲೇ ಕಾಗದ ಮಡಚಿ ಇಟ್ಟುಬಿಟ್ಟೆ. ಮರುದಿನ ಮತ್ತೆ ತೆಗೆದು ನೋಡಿದೆ, ಹಾಗೇ ಇತ್ತು. ನಮ್ಮ ಮನೆಯ ಪಡಸಾಲೆಯಲ್ಲಿ ಉಂಡವರನ್ನು ಯಾರೆಂದು ಕೂಡ ಕೇಳಿದವರಲ್ಲ ನಾವು. ಬಿತ್ತಲಿಕ್ಕೆ ಬಂದವರು, ಎಮ್ಮೆ ಕೊಳ್ಳಲು ಬಂದವರು, ಬಸ್ಸು ತಪ್ಪಿಸಿಕೊಂಡವರು, ಎಲ್ಲರೂ ಉಂಡು ಹೋಗಿದ್ದಾರೆ. ಅದನ್ನು ನೋಡಿಕೊಂಡೇ ನೀನು ದೊಡ್ಡವಳಾದೆ. ಕೋಣೆಗೆ ಬಾಡಿಗೆ ತೆಗೆದುಕೋ, ಬೇಡ ಅನ್ನುವುದಿಲ್ಲ. ಸುಣ್ಣ ಬಣ್ಣಕ್ಕೆ ಬೇಕಾಗುತ್ತದೆ. ಆದರೆ ಅನ್ನಕ್ಕೆ ರೊಕ್ಕ ಇಸಗೊಳ್ಳುವ ಮನೆಯ ಹೊಸ್ತಿಲು ನಾನು ತುಳಿಯುವುದಿಲ್ಲ. ಹಾಲು ಯಾರ ಕೈಯಲ್ಲಾದರೂ ಉಕ್ಕಿಸು, ಹಾಲಿಗೇನು, ಬೆಂಕಿ ಇದ್ದರೆ ಉಕ್ಕುತ್ತದೆ.

ನಿನ್ನ ಮಾಮಾ ನಡುವೆ ಬಾಯಿ ಹಾಕಿದರು. "ಅಲ್ಲಬೇ, ಹಂಗಾರ ಖಾನಾವಳಿ ನಡಸೋರೆಲ್ಲಾ ಪಾಪಿಗಳೇನ?" ಅಂದರು. "ನೀವು ಸುಮ್ಮನ ಚಹಾ ಕುಡೀರಿ" ಅಂದೆ. ಸುಮ್ಮನೆ ಕುಡಿದರು. ಜರೀನಾಬಿ ರೋಜಾ ಇದ್ದಾಳೆ. ಅವಳಿಗೆ ಹೇಳಿದರೆ ಅವಳೂ "ತೋಬಾ ತೋಬಾ" ಅಂತ ಗಲ್ಲ ಬಡಿದುಕೊಂಡಳು. ಆಮೇಲೆ "ಆದ್ರೂ ಹೋಗಿ ಬಾರ, ಸಮುದ್ರ ನೋಡಿ ಬಾ, ನಮ್ಮ ಶಾಂಭವಿ ಮನಿ" ಅಂತ ನನಗೇ ತಿರುಗಿದಳು. ಯಾರ ಕಡೆಯವಳೋ ಗೊತ್ತಾಗುವುದಿಲ್ಲ.

ಹೆಸರು ಕೇಳಿದ್ದೀಯಲ್ಲ, "ಬೀಗರ ಮನೆ" ಎಂದಿಡು. ಆಗ ಬಂದವರೆಲ್ಲ ನಿನಗೆ ಬೀಗರಾಗುತ್ತಾರೆ. ಬೀಗರ ಮುಂದೆ ತಾಟು ಇಟ್ಟು ರೊಕ್ಕ ಕೇಳಲು ನಿನಗೇ ನಾಚಿಕೆಯಾಗಬೇಕು.

ಸಿಟ್ಟಿನಲ್ಲಿ ಬರೆದಿದ್ದೇನೆ, ಆದರೆ ನಿನ್ನ ಮೇಲಲ್ಲ. ಮೇಲಿನ ಪಡಸಾಲೆಯ ಕಿಟಕಿಯಲ್ಲಿ ಬಗ್ಗಿ ನೋಡಬೇಡ, ನಿನಗೆ ಮೊದಲೇ ತಲೆ ತಿರುಗುತ್ತದೆ.

ನಿನ್ನ ಅತ್ತಿ,
ಗೌರಕ್ಕ


ಕುಮಟಾ
8 ಮೇ 2025

ಪ್ರೀತಿಯ ಅತ್ತಿ,

ಮನೆ ತೆರೆಯಿತು. ನೀನು ಬರಲಿಲ್ಲ. ಹಾಲನ್ನು ಮಾದೇವಿಯವರು ಉಕ್ಕಿಸಿದರು. ಪಾತೆಲೆಯಿಂದ ಚಂದಾಗಿ ಮೂಡಲ ದಿಕ್ಕಿಗೇ ಉಕ್ಕಿತು, ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಈಗ ನಿನ್ನ ಹೆಸರಿನ ಕಥೆ ಕೇಳು. ತೇಗದ ಹಲಗೆಯ ಮೇಲೆ "ಬೀಗರ ಮನೆ" ಎಂದು ಕೆತ್ತಿಸಿ ಬಾಗಿಲಿಗೆ ಹಾಕಿದೆ. ನಾಲ್ಕು ದಿನಕ್ಕೆ ಬೆಂಗಳೂರಿನ ಕಡೆಯ ಗಂಡ ಹೆಂಡತಿ ಬಂದರು. ಬಂದವರೇ ಗೋಡೆ, ಗೂಟ ಎಲ್ಲ ಹುಡುಕಿದರು. ಆಮೇಲೆ ಆ ಮನುಷ್ಯ ಮೆಲ್ಲಗೆ "ಮೇಡಂ, ಬೀಗಗಳನ್ನೆಲ್ಲ ಎಲ್ಲಿಟ್ಟಿದ್ದೀರಾ? ನಾನು ಹಳೇ ಬೀಗ ಕಲೆಕ್ಟ್ ಮಾಡ್ತೀನಿ" ಎಂದ. ನನಗೆ ತಿಳಿಯಲೇ ಇಲ್ಲ! ನಮ್ಮಲ್ಲಿ ಬಾಗಿಲಿಗೆ ಹಾಕುವುದು ಕೀಲಿ, ಮನೆಗೆ ಬರುವವರು ಬೀಗರು. ಅವರ ಕಡೆ ಬಾಗಿಲಿಗೆ ಹಾಕುವುದೇ ಬೀಗ. ಪಾಪ, ನಮಗೆ ಕೊಡಲೆಂದು ಒಂದು ಹಿತ್ತಾಳೆಯ ಕೀಲಿ ಬೇರೆ ತಂದಿದ್ದ. ಇಟ್ಟುಕೊಂಡಿದ್ದೇನೆ, ಕೀಲಿಕೈ ಇಲ್ಲ.

ಈ ಊರಿನವರದು ಇನ್ನೊಂದು ಥರ. ಇಲ್ಲಿ ಬೀಗರು ಎಂದರೆ ಗಂಡು ಹೆಣ್ಣಿನ ತಾಯಿತಂದೆ ಅಷ್ಟೇ, ಬಂದುಹೋಗುವ ಮಂದಿಯೆಲ್ಲ ಅಲ್ಲ. ಮದುವೆ ದಲಾಲಿಯೊಬ್ಬ ಬಂದು ಗಂಡಿನ ಕಡೆಯವರನ್ನು ಇಳಿಸಲು ವರ್ಷಪೂರ್ತಿ ಮನೆ ಕೊಡುತ್ತೀರಾ ಎಂದು ಕೇಳಿ ಹೋದ. ಹೇಮಂತ ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟ. ಆದರೂ ಹಲಗೆ ತೆಗೆದಿಲ್ಲ. ನೀನು ಇಟ್ಟ ಹೆಸರು.

ಮತ್ತೊಂದು ಸುದ್ದಿ. ನಿನ್ನ ಮಾತು ನಡೆಸಿದ್ದೇನೆ. ಕೋಣೆಗೆ ಮಾತ್ರ ಬಾಡಿಗೆ, ಊಟಕ್ಕೆ ಏನೂ ಇಲ್ಲ. ಮೊದಮೊದಲು ಮಂದಿ ಹೆದರಿದರು. ಒಬ್ಬಾಕೆ ಎರಡು ದಿನ ಹೋಟೆಲಿಗೇ ಹೋಗಿ ಉಂಡು ಬಂದಳು, ಸುಮ್ಮನೆ ಹಾಕುವ ಊಟದಲ್ಲಿ ಏನಿದೆಯೋ ಎಂದು. ಇನ್ನೊಬ್ಬ "ಊಟದ ಬಿಲ್ಲು ಕೇಳಿದರೆ ಮನೆ ಒಡತಿ ಸಿಟ್ಟಾಗುತ್ತಾರೆ, ಎಚ್ಚರ" ಎಂದು ಇಂಟರ್ನೆಟ್ಟಿನಲ್ಲಿ ಬರೆದಿದ್ದಾನೆ. ಅದನ್ನು ಓದಿಯೇ ಮತ್ತಷ್ಟು ಮಂದಿ ಬರುತ್ತಿದ್ದಾರೆ.

ಈಗಂತೂ ನಿನ್ನ ತಕರಾರು ತೀರಿತಲ್ಲ. ಅತ್ತಿ, ಬಾ. ಮೇಲಿನ ಕೋಣೆ ನಿನಗಾಗಿ ಖಾಲಿ ಇಟ್ಟಿದ್ದೇನೆ. ಎಷ್ಟು ಮಂದಿ ಕೇಳಿದರೂ ಕೊಟ್ಟಿಲ್ಲ.

ನಿನ್ನ
ಶಾಂಭವಿ


ಸಂಶಿ
30 ಮೇ 2025

ಶಾಂಭವ್ವಾ,

ಕೀಲಿಯ ಕಥೆಯನ್ನು ಓಣಿಗೆಲ್ಲ ಓದಿ ಹೇಳಿದೆ. ನಿನ್ನ ಮಾಮಾ ಮನೆಗೆ ಬಂದವರಿಗೆಲ್ಲ "ಬರ್ರಿ ಬೀಗರ, ನಿಮ್ಮ ಕೀಲಿಕೈ ಎಲ್ಲಿ?" ಅಂತ ಕೇಳುತ್ತಿದ್ದಾರೆ. ಒಂದು ಮಾತು ಸಿಕ್ಕರೆ ಸಾಕು, ತಿಂಗಳು ಪೂರ್ತಿ ಅದನ್ನೇ ಅರೆಯುತ್ತಾರೆ.

ಊಟಕ್ಕೆ ರೊಕ್ಕ ಬಿಟ್ಟದ್ದು ಬಹಳ ಚಲೋ ಆಯಿತು. ನನ್ನ ಕೂಸು ನೀನು. ಸುಭಾಸನ ಅಂಗಡಿಗೆ ಬೀಜದ ಲಾರಿ ಬಂದಿತ್ತು. ಆ ಲಾರಿ ಅಂಕೋಲೆಗೆ ಹೋಗುತ್ತದೆ ಅಂದರು, ಡ್ರೈವರನ ಕೈಯಲ್ಲಿ ಖಡಕ್ ರೊಟ್ಟಿ, ಗುರೆಳ್ಳ ಚಟ್ನಿ, ಅಗಸಿ ಚಟ್ನಿ ಕಳಿಸಿದ್ದೇನೆ. ಅಲ್ಲಿಯ ಹಸಿ ಹವೆಗೆ ರೊಟ್ಟಿ ಮೆತ್ತಗಾಗುತ್ತದೆ, ಡಬ್ಬಿ ಮುಚ್ಚಿ ಇಡು.

ಬರುವ ಮಾತು ಬರೆದಿದ್ದೀ. ಈಗ ಹೇಗೆ ಬರಲಿ? ಮಳೆ ಆಗಿದೆ, ಹೆಸರು ಬಿತ್ತಬೇಕು. ಎಮ್ಮೆ ಇವತ್ತು ನಾಳೆ ಈಯುತ್ತದೆ. ಮೊಣಕಾಲು ಹಿಡಿದಿದೆ. ಘಟ್ಟದ ತಿರುವಿನಲ್ಲಿ ನನಗೆ ವಾಂತಿ ಬರುತ್ತದೆ. ಹುಡುಗಿಯಿದ್ದಾಗ ಅಪ್ಪನ ಜೋಡಿ ಒಮ್ಮೆ ಬಂದದ್ದು, ಮದುವೆಯಾದ ಮೇಲೆ ಆ ಕಡೆ ತಲೆ ಹಾಕಿಲ್ಲ. ಇನ್ನೇನು ನೋಡುವುದಿದೆ? ನೀನು ಬರೆದದ್ದನ್ನು ಓದಿದರೆ ನೋಡಿದ ಹಾಗೇ ಆಗುತ್ತದೆ.

ಜರೀನಾಬಿ ಈಗ ಇಲ್ಲಿಲ್ಲ. ಅವಳ ತಮ್ಮ ಸಿರಾಜುದ್ದೀನ ಅಣ್ಣಿಗೇರಿಯಿಂದ ಬಂದು ಕರೆದುಕೊಂಡು ಹೋದ. ಅವಳಿಗೆ ಮೊಮ್ಮಕ್ಕಳಾಗಿದ್ದಾರೆ, ಆದರೂ ವರ್ಷ ತಪ್ಪದೆ ಕರೆಯಲಿಕ್ಕೆ ಬರುತ್ತಾನೆ. ಮೂರು ಸಲ "ಬರಂಗಿಲ್ಲ" ಅಂದಳು. ಅವನು ಕೂತಲ್ಲಿಂದ ಏಳಲಿಲ್ಲ. ಸುಭಾಸನ ಅಂಗಡಿ ಮುಂದಿನಿಂದಲೇ ಹೋದರು. ಹುಂಜಕ್ಕೆ ಕಾಳು ಹಾಕುವ ಕೆಲಸ ನನಗೆ ಬಿದ್ದಿದೆ.

ಎಮ್ಮೆ ಕರೆಯುತ್ತಿದೆ, ನಿಲ್ಲಿಸುತ್ತೇನೆ.

ನಿನ್ನ ಅತ್ತಿ,
ಗೌರಕ್ಕ


ಕುಮಟಾ
14 ಜೂನ್ 2025

ಅತ್ತಿ,

ರೊಟ್ಟಿ ಮುಟ್ಟಿದವು. ಹಂಚಿ ತಿಂದೆವು.

ಎಮ್ಮೆ ಈದಿತು ಎಂದು ಸುಭಾಸ ಹೇಳಿದ. ಹೆಸರು ಬಿತ್ತಿದ್ದೂ ಆಯಿತಂತೆ. ಈಗ ಇನ್ನೊಂದು ನೆಪ ಹುಡುಕಬೇಕಾಗುತ್ತದೆ ನಿನಗೆ, ಪಾಪ. ಮೊದಲು ನೀನು ಊಟದ ರೊಕ್ಕ ಎಂದೆ, ನಾನು ಬಿಟ್ಟೆ. ಮನೆಗೆ ಹೆಸರು ನೀನೇ ಇಟ್ಟೆ, ಮಂದಿ ನಕ್ಕರೂ ನಾನು ಹಲಗೆ ತೆಗೆಯಲಿಲ್ಲ. ನಾನು ಏನು ತಪ್ಪು ಮಾಡಿದ್ದೇನೆ? ಇದ್ದರೆ ಮುಖಕ್ಕೆ ಹೇಳು. ಇಲ್ಲಿ ಬರುವ ಪ್ರತಿಯೊಬ್ಬರೂ "ಎಷ್ಟು ಚಂದ ಮಾಡೀರಿ" ಎನ್ನುತ್ತಾರೆ. ಅವರು ಯಾರೋ. ನನಗೆ ನಿನ್ನ ಬಾಯಿಂದ ಒಂದು ಮಾತು ಬೇಕಿತ್ತು. ಬೈದರೂ ಸರಿ, ಇಲ್ಲಿ ನಿಂತು ಬೈಯಬೇಕಿತ್ತು.

ಇಲ್ಲಿ ಮಳೆ ಹಗಲೂ ರಾತ್ರಿ ಹಿಡಿದಿದೆ. ಮೇಲಿನ ಕೋಣೆಗೆ ಕೀಲಿ ಹಾಕಿದ್ದೇನೆ. ಇನ್ನು ಕರೆಯುವುದಿಲ್ಲ.

ಶಾಂಭವಿ


ಸಂಶಿ
29 ಜೂನ್ 2025

ಚಿರಂಜೀವಿ ಶಾಂಭವಿಗೆ ನಿನ್ನ ಮಾಮಾ ಶಂಕ್ರಪ್ಪನ ಆಶೀರ್ವಾದಗಳು.

ನಾನು ಕಾಗದ ಬರೆಯುವವನಲ್ಲ, ನಿನಗೆ ಗೊತ್ತು. ನಿನ್ನ ಅತ್ತಿ ಹೊಲಕ್ಕೆ ಹೋಗಿದ್ದಾಳೆ, ಅಷ್ಟರೊಳಗೆ ಬರೆದು ಅಂಚೆಗೆ ಹಾಕಬೇಕು. ನಿನ್ನ ಕಾಗದ ಓದಿದ ದಿನ ಅವಳು ಊಟ ಮಾಡಲಿಲ್ಲ. ನನ್ನನ್ನು ಮಾತ್ರ ಬೈದಳು, ಅದು ದಿನದ್ದೇ.

ನಮ್ಮ ಮದುವೆಯಾಗಿ ಅವಳು ಅಣ್ಣಿಗೇರಿಗೆ ನಮ್ಮ ಮನೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ನಿನ್ನ ಅವ್ವ ತೀರಿಕೊಂಡ ಸುದ್ದಿ ಬಂತು. ನೀನು ಆಗ ಕೈಗೂಸು. ಮಣ್ಣಿಗೆಂದು ಸಂಶಿಗೆ ಬಂದವಳು ನಿನ್ನನ್ನು ಎತ್ತಿಕೊಂಡಳು, ಕೆಳಗೆ ಇಳಿಸಲಿಲ್ಲ. "ಈ ಕೂಸಿನ ಬಿಟ್ಟು ನಾ ಬರಂಗಿಲ್ಲ. ನೀವಽ ಬರ್ರಿ" ಅಂದಳು. ನಾನೇ ಬಂದೆ. ಮನೆಅಳಿಯ ಅಂತ ಮಂದಿ ಆಡಿಕೊಂಡರು, ಆಡಿಕೊಳ್ಳಲಿ. ನಾನು ಒಂದು ದಿನವೂ ಬೇಸರ ಪಟ್ಟಿಲ್ಲ. ಇದೆಲ್ಲ ನಿನಗೆ ಗೊತ್ತಿದ್ದದ್ದೇ. ಆದರೆ ಇದರಲ್ಲಿ ಅವಳಿಗೆ ಏನು ತಪ್ಪಿತು ಎನ್ನುವುದು ನಿನಗೂ ಹೊಳೆದಿಲ್ಲ, ಹತ್ತಿರ ಇದ್ದ ನನಗೂ ಹೊಳೆದಿರಲಿಲ್ಲ.

ನಾಗರ ಪಂಚಮಿ ಬಂತೆಂದರೆ ಓಣಿಯ ಹೆಣ್ಣುಮಕ್ಕಳನ್ನು ಅಣ್ಣ ತಮ್ಮಂದಿರು ಬಂದು ತವರಿಗೆ ಕರೆದೊಯ್ಯುತ್ತಾರೆ. ನಿನ್ನ ಅತ್ತಿ ಅವರೆಲ್ಲರಿಗೂ ಉಂಡಿ ಕಟ್ಟಿ ಕೊಡುತ್ತಾಳೆ. ಬಸ್ಸಿನವರೆಗೆ ಹೋಗಿ ಹತ್ತಿಸಿ ಬರುತ್ತಾಳೆ. ಬಂದವಳು ದಿನವಿಡೀ ನನ್ನ ಮೇಲೆ ಹಾರಾಡುತ್ತಾಳೆ. ಕೊಡ ಯಾಕೆ ಅಲ್ಲಿಟ್ಟಿರಿ, ದೋತರ ಯಾಕೆ ಇಲ್ಲಿ ಹಾಕಿದಿರಿ. ಇವಳಿಗೆ ಹಬ್ಬದ ದಿನವೇ ಏನಾಗುತ್ತದೆ ಎಂದು ನಾನು ಅಂದುಕೊಳ್ಳುತ್ತಿದ್ದೆ. ಅವಳು ಇರುವುದೇ ತವರಿನಲ್ಲಿ, ಅವಳನ್ನು ಯಾರು ಎಲ್ಲಿಗೆ ಕರೆಯಬೇಕು? ನಿನ್ನ ಅಪ್ಪನೂ ಒಂದೇ ಮನೆಯಲ್ಲಿದ್ದ. ಅಡಿಗೆಮನೆಯಿಂದ ಪಡಸಾಲೆಗೆ ಕರೆಯಲು ಬರುತ್ತಾನೆಯೇ?

ಮೊನ್ನೆ ಜರೀನಾಬಿ ಅಣ್ಣಿಗೇರಿಯಿಂದ ಬಂದು ತಮ್ಮ ಉಡಿಸಿ ಕಳಿಸಿದ ಸೀರೆ ತೋರಿಸಿದಳು. ಇವಳು ಚಂದ ಐತಿ ಅಂದಳು, ನಕ್ಕಳು. ಜರೀನಾಬಿ ಹೋದ ಮೇಲೆ, "ಹೋಗಿ ಬಾರ, ಶಾಂಭವಿ ಅಷ್ಟು ಕರಿಯಾಕತ್ತಾಳ" ಅಂದೆ. ತಟ್ಟನೆ ತಿರುಗಿ ನಿಂತು, "ಕಾಗದದಾಗ ಬಾ ಅಂತ ಬರದ್ರ ಎದ್ದು ಓಡಾಕ ನಾ ಏನ್ ಕೂಲಿ ಆಳಾ? ಹಾಲು ಉಕ್ಕಸಾಕ ಬಾ, ಮನಿ ನೋಡಾಕ ಬಾ, ಬಸ್ ಹತ್ತಿ ಬಾ. ಯಾರರ ಬಂದು ಕರದಾರೇನ ನನ್ನ?" ಅಂದಳು. ಕಣ್ಣು ತುಂಬಿತ್ತು. ಅಷ್ಟು ಹೇಳಿ ಎಮ್ಮೆಗೆ ಮೇವು ಹಾಕಲು ಹೋದಳು.

ಶಾಂಭವಿ, ಮನೆ ಮಗಳಿಗೆ ಬಾ ಎಂದು ಹೇಳಿ ಕಳಿಸುವುದಿಲ್ಲ. ಹೋಗಿ ಕರೆದುಕೊಂಡು ಬರುತ್ತಾರೆ. ನೀನು ಅವಳನ್ನು ಹಿರಿಯಳೆಂದು ಕರೆದೆ. ಹಿರಿಯತನ ಮಾಡಿ ಮಾಡಿ ಅವಳಿಗೆ ಸಾಕಾಗಿದೆ. ಕುಮಟೆಯದು ಅವಳ ಅಣ್ಣನ ಮನೆ. ಅಣ್ಣ ಇಲ್ಲ, ನೀನಿದ್ದೀ. ಇದಕ್ಕಿಂತ ಹೆಚ್ಚು ನನಗೆ ಬರೆಯಲು ಬರುವುದಿಲ್ಲ.

ಈ ಕಾಗದದ ಸುದ್ದಿ ಅವಳಿಗೆ ಗೊತ್ತಾದರೆ ನನಗೆ ಚಹಾ ಬಂದ್.

ನಿನ್ನ ಮಾಮಾ,
ಶಂಕ್ರಪ್ಪ


ಕುಮಟಾ
8 ಜುಲೈ 2025

ಮಾಮಾ,

ನಿಮ್ಮ ಕಾಗದವನ್ನು ಹೇಮಂತನಿಗೆ ಓದಿ ಹೇಳಲು ಹೋದೆ, ಅರ್ಧಕ್ಕೇ ಆಗಲಿಲ್ಲ. ಅವನೇ ಇಸಗೊಂಡು ಓದಿಕೊಂಡ.

ನಾನು ಎಷ್ಟು ಮಡ್ಡಿ ಮಾಮಾ! ಸೀದಾ ಬಸ್ಸಿದೆ ಎಂದು ಬರೆದು ಕಳಿಸಿದ್ದೆನಲ್ಲ ಅವಳಿಗೆ. ಸಿಟ್ಟಿನಲ್ಲಿ ಬರೆದ ಕಾಗದ ನೆನೆದರೆ ಕೈ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಪಂಚಮಿ ಇದೇ ತಿಂಗಳ ಕೊನೆಗೆ ಇದೆ. ಅದರ ಹಿಂದಿನ ದಿನದ ರೊಟ್ಟಿ ಹಬ್ಬಕ್ಕಿಂತ ಮುಂಚೆ ನಾನು ಬರುತ್ತೇನೆ. ಒಂದು ಮಾತು. ಕರೆಯಲು ಬಂದವರು ಹೆಣ್ಣುಮಗಳನ್ನು ಕೇಳುವುದಿಲ್ಲ, ಅವಳ ಗಂಡನನ್ನು ಕೇಳುತ್ತಾರೆ. ನಾನು ನಿಮ್ಮನ್ನೇ ಕೇಳುತ್ತೇನೆ. ನೀವು ಕೂಡಲೇ ಹೂಂ ಅನ್ನಬೇಡಿ. ಸ್ವಲ್ಪ ಬಿಗುವು ಮಾಡಿ. ನಿಮಗೂ ಇದು ಮೊದಲನೇ ಸಲ, ಗೊತ್ತಿರಲಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿರಿ.

ಅತ್ತಿಗೆ ಏನೂ ಹೇಳಬೇಡಿ. ಮೇಲಿನ ಕೋಣೆಯ ಕೀಲಿ ತೆಗೆದೆ, ಗಾಳಿಯಾಡಲೆಂದು.

ನಿಮ್ಮ
ಶಾಂಭವಿ


ಸಂಶಿ
10 ಆಗಸ್ಟ್ 2025

ಶಾಂಭವ್ವಾ,

ಸುಖವಾಗಿ ಬಂದು ಮುಟ್ಟಿದೆವು. ಕಾಗದ ತಡವಾಯಿತು. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಎದ್ದೆ.

ನಿನಗೆ ಗೊತ್ತಿದ್ದದ್ದನ್ನೇ ಬರೆಯುತ್ತೇನೆ, ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಅವತ್ತು ನೀನು ಉಂಡಿಯ ಬುಟ್ಟಿ ತಲೆಯ ಮೇಲೆ ಹೊತ್ತು ಅಂಗಳಕ್ಕೆ ಬಂದಾಗ ಯಾರೋ ಮಾರಲು ಬಂದವರು ಅಂದುಕೊಂಡೆ. ನನ್ನ ಕಡೆ ನೋಡಲೂ ಇಲ್ಲ ನೀನು, ಸೀದಾ ಹೋಗಿ ನಿನ್ನ ಮಾಮಾನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. "ಪಂಚಮಿ ಬಂತ್ರಿ. ನಮ್ಮ ಮನಿ ಮಗಳನ್ನ ಕಳಿಸಿಕೊಡ್ರಿ" ಅಂದೆ. ಕಿವಿಯ ಯಂತ್ರ ಹಾಕಿಕೊಂಡಿರಲಿಲ್ಲ ನಾನು, ಆದರೂ ಅಕ್ಷರ ಅಕ್ಷರ ಕೇಳಿಸಿತು.

ಮತ್ತೆ ಆ ಮನುಷ್ಯನ ಡೌಲು ನೋಡಬೇಕಿತ್ತು! ಇಸ್ತ್ರಿ ಅಂಗಿ ಯಾಕೆ ಹಾಕಿಕೊಂಡು ಕೂತಿದ್ದಾರೆಂದು ಮುಂಜಾನೆಯಿಂದ ಅನುಮಾನ ಇತ್ತು ನನಗೆ. ಮೀಸೆ ತಿರುವಿ, ಗಂಟಲು ಸರಿಮಾಡಿಕೊಂಡು, "ಹೊಲದಾಗ ಕೆಲಸ ಭಾಳ ಐತಿ. ನೋಡೂಣು" ಅಂದರು. ನಮ್ಮ ಮನೆಗೆ ಬಂದಂದಿನಿಂದ ಒಂದು ಬೀಡಿ ಸೇದಲು ಕೂಡ ನನ್ನನ್ನು ಕೇಳಿದ ಮನುಷ್ಯ! ನೀನು ಮತ್ತೆ ಕೇಳಿದೆ. "ಆತು. ಆದ್ರ ಎಂಟು ದಿನದಾಗ ಹೊಳ್ಳಿ ಕಳಸಬೇಕು. ನಾನಽ ಕರಿಯಾಕ ಬರ್ತೀನಿ" ಅಂದರು. ಸುಭಾಸನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ನಾನು ಚಹಾ ಇಡುತ್ತೇನೆಂದು ಒಳಗೆ ಹೋದೆನಲ್ಲ, ಚಹಾ ಇಡಲಿಲ್ಲ. ಜೋಳದ ಚೀಲಕ್ಕೆ ಮುಖ ಹಚ್ಚಿ ಅತ್ತೆ. ನೀನು ಬಂದು ಹಿಂದೆ ನಿಂತದ್ದು ಗೊತ್ತಾಯಿತು. ಗೊತ್ತಿಲ್ಲದವಳ ಹಾಗೆ ಇದ್ದೆ.

ಜರೀನಾಬಿಗೆ ನಾನು "ಬರಂಗಿಲ್ಲ" ಎಂದು ಮೂರು ಸಲ ಹೇಳುವುದನ್ನು ನೋಡಬೇಕಿತ್ತಂತೆ. ನಾನು ಒಂದೇ ಸಲ ಅಂದೆನಂತೆ, ಅದೂ ಟ್ರಂಕು ಇಳಿಸುತ್ತ. ಆಡಿಕೊಳ್ಳುತ್ತಾಳೆ.

ಮನೆ ಬಹಳ ಚಂದ ಮಾಡಿದ್ದೀ ಮಗಾ. ಅಲ್ಲಿದ್ದಾಗ ಹೇಳಲಿಲ್ಲ, ಬಾಯಿ ಬರಲಿಲ್ಲ. ಗೋಡೆಯ ಮೇಲೆ ಕೈಯಾಡಿಸಿದರೆ ನಮ್ಮ ಅಪ್ಪ ನೆನಪಾದ. ಮೊದಲ ದಿನ ಮುಂಜಾನೆ ಎದ್ದು ಅಡಿಗೆಮನೆಗೆ ಹೋದೆ. ಮಾದೇವಿ ನನ್ನ ಕೈಯಿಂದ ಸೌಟು ಕಸಿದುಕೊಂಡು "ನೀವು ಹೋಗಿ ಕೂತ್ಕಣಿ" ಅಂದಳು. ಎಲ್ಲಿ ಕೂಡಬೇಕೋ ತಿಳಿಯಲಿಲ್ಲ. ಕೂತು ಉಣ್ಣುವುದು ಅಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಎರಡು ದಿನ ತಾಟಿನ ಮುಂದೆ ಮೈ ಹಿಡಿಯಾಗಿಸಿಕೊಂಡು ಕೂತೆ. ಮೂರನೆಯ ದಿನ ನಾನೇ "ಇನ್ನೊಂದು ಉಂಡಿ ತಾರ" ಅಂದೆ ನೋಡು. ಅವತ್ತಿನಿಂದ ಆರಾಮಾಯಿತು. ನಡುಮನೆಯ ತೊಲೆಗೆ ಜೋಕಾಲಿ ಕಟ್ಟಿ ಈ ಮುದುಕಿಯನ್ನು ತೂಗಿದಿರಲ್ಲ, ಆ ಬೆಂಗಳೂರಿನ ಹುಡುಗಿಯರು ಫೋಟೋ ತೆಗೆದರು. ತೆಗೆದರೆ ತೆಗೆಯಲಿ ಅಂದೆ.

ನಿನ್ನ ಮಾಮಾ ಕರೆಯಲು ಬಂದಾಗ ನೀವು ಅವರಿಗೆ ಕಾಲಿಗೆ ನೀರು ಕೊಟ್ಟು, ಗಾದಿ ಹಾಸಿ, ಅಳಿಯ ಅಳಿಯ ಎಂದು ಏರಿಸಿ ಇಟ್ಟಿರಿ. ಅದರ ಫಲ ನಾನು ಇಲ್ಲಿ ಉಣ್ಣುತ್ತಿದ್ದೇನೆ. ಈಗ ಚಹಾಕ್ಕೆ ಬಿಸ್ಕೀಟು ಕೇಳುತ್ತಾರೆ.

ಇನ್ನು ಹೊರಡುವ ದಿನದ ಮಾತು. ನೀನು ಮಣೆ ಹಾಕಿ ಕೂಡಿಸಿ ನನ್ನ ಉಡಿ ತುಂಬಿದೆ. ಉಡಿ ತುಂಬಿಸಿಕೊಂಡದ್ದು ನನಗೆ ಹೊಸದಲ್ಲ, ಮದುವೆಯಲ್ಲಿ, ಬಸುರಿಯಿದ್ದಾಗ ಕುಬಸದಲ್ಲಿ ಎಷ್ಟು ಸಲ ತುಂಬಿದ್ದಾರೋ. ಆದರೆ ಕಳಿಸಿಕೊಡಲಿಕ್ಕೆಂದು ತುಂಬಿದ್ದು ಇದೇ ಮೊದಲು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಖಣ ಒಂದೊಂದೇ ಹಾಕುತ್ತ "ಹೋಗಿ ಬಾ" ಅಂದೆ. ನಿನಗೆ ಅನ್ನ ಕಲಸಿ ಉಣಿಸಿದವಳು ನಾನು, ನೀನು ನನಗೆ ಅವ್ವನ ಹಾಗೆ ಎದುರಿಗೆ ಕೂತಿದ್ದೆ. ನಾನು ರೊಟ್ಟಿ ಡಬ್ಬಿ ಮುಚ್ಚಿಡು ಅಂದೆ.

ಬಸ್ಸು ಹತ್ತಿದ ಮೇಲೆ ಶುರುವಾಯಿತು. ಉಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಅಂಕೋಲೆ ದಾಟಿದೆ, ಘಟ್ಟ ಹತ್ತಿದೆ, ಅಳು ನಿಲ್ಲಲಿಲ್ಲ. ವಾಂತಿ ಕೂಡ ಬರಲಿಲ್ಲ, ನೆನಪೇ ಆಗಲಿಲ್ಲ. ನಿನ್ನ ಮಾಮಾ ಗಾಬರಿಯಾದರು. "ಯಾಕಬೇ, ಏನಾತು? ಮೊಣಕಾಲು ಹಿಡದೈತೇನ?" ಎಂದು ಒಂದೇ ಸಮ ಕೇಳಿದರು. "ತವರು ಬಿಟ್ಟು ಬರಾಗ ಅಳಬೇಕಾಗತೈತಿ. ನಿಮಗ ತಿಳಿಯಂಗಿಲ್ಲ, ಸುಮ್ಮನ ಕುಂದರ್ರಿ" ಅಂದೆ. ಮುಂದಿನ ಸೀಟಿನ ಹೆಣ್ಣುಮಗಳು ತಿರುಗಿ ನೋಡಿ ತನ್ನ ನೀರಿನ ಬಾಟಲಿ ಕೊಟ್ಟಳು. ಅವಳ ಉಡಿಯೂ ತುಂಬಿತ್ತು.

ದೀಪಾವಳಿಗೆ ಇನ್ನು ಎರಡೇ ತಿಂಗಳು ಇದೆ. ಕರೆಯಲಿಕ್ಕೆ ಯಾರು ಬರುತ್ತೀರಿ, ನೀನೋ ಹೇಮಂತನೋ, ಮುಂಚಿತವಾಗಿ ತಿಳಿಸಿ. ನಾನಾಗಿ ಬರುವವಳಲ್ಲ.

ನಿಮ್ಮ ಮನೆ ಮಗಳು,
ಗೌರಕ್ಕ